ನಾಲ್ಕು ಮಹಡಿ ನನ್ನ ಕೈಯಲ್ಲಿ

ಜನವರಿ ೯

ಪ್ರೀತಿಯ ತಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯ ಎಂದು ಫೋಟೋ ನೋಡಿದರೇ ಗೊತ್ತಾಗುತ್ತದೆ, ಹಾಗಾಗಿ ಆ ಪ್ರಶ್ನೆ ಕೇಳುವುದಿಲ್ಲ. ಫೋನಿನಲ್ಲೇ ಮಾತಾಡಬಹುದಲ್ಲ ಎನ್ನುತ್ತೀಯ. ಫೋನು ಎತ್ತಿದ ಕೂಡಲೇ ನಿನ್ನ ಭಾವ ಕಿತ್ತುಕೊಂಡು ಅಲ್ಲಿ ಚಳಿ ಎಷ್ಟಿದೆ ಎಂದು ವಿಚಾರಿಸುತ್ತಾರೆ, ಅಷ್ಟರಲ್ಲಿ ನಿನಗೆ ಕೆಲಸಕ್ಕೆ ಹೊತ್ತಾಗಿರುತ್ತದೆ. ಅಲ್ಲದೆ ಫೋನಿನಲ್ಲಿ ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ. ಕಾಗದದಲ್ಲಿ ಬೈದರೆ ಎರಡು ಸಲ ಓದಬೇಕಾಗುತ್ತದೆ.

ಫೋಟೋವನ್ನು ಮುಂದಿನ ಕೋಣೆಯ ಗೋಡೆಗೆ ಹಾಕಿದ್ದೇವೆ. ಅಬ್ಬಾ, ಎಂಥ ಕುರ್ಚಿ! ಹಿಂದೆ ಆಳೆತ್ತರದ ಗಾಜಿನ ಕಿಟಕಿ, ಮೂಲೆಯಲ್ಲಿ ಹಳದಿ ಹೂಕುಂಡ. ಕೆಳಗೆ ನಿನ್ನ ಮಾತನ್ನೇ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ: "ನಾಲ್ಕು ಮಹಡಿ ನನ್ನ ಕೈಯಲ್ಲಿ." ಪೋಸ್ಟಿನಣ್ಣ ಅದನ್ನು ಓದಿ ಬೀದಿಗೆಲ್ಲ ಸಾರಿದ್ದಾನೆ. ನಿನ್ನ ಭಾವನ ಸ್ವಭಾವ ಗೊತ್ತಲ್ಲ, ಕನ್ನಡಕ ಏರಿಸಿ ನೋಡಿ, "ಹೂಕುಂಡದಲ್ಲಿ ಹೂವೇ ಇಲ್ವಲ್ಲೇ, ಬರೀ ಒಂದು ಕೋಲು ನಿಂತಿದೆ" ಎಂದರು. "ಅಲ್ಲಿ ಚಳಿಗೆ ಎಲೆಯೆಲ್ಲ ಉದುರುತ್ತೆ, ನಿಮಗೇನ್ ಗೊತ್ತು?" ಎಂದು ಬಾಯಿ ಮುಚ್ಚಿಸಿದೆ. ನನ್ನದೊಂದೇ ದೂರು. ನಿನ್ನ ಅಕ್ಷರ ಪೂರಾ ಕೆಟ್ಟುಹೋಗಿದೆ. ಸಾಹೇಬರಾದ ಮೇಲೆ ಸಹಿ ಬಿಟ್ಟು ಬೇರೆ ಬರೆಯುವ ಅಭ್ಯಾಸ ತಪ್ಪುತ್ತದೆಯೋ ಏನೋ.

ಈಗ ವಿಷಯ. ನಮ್ಮ ಅಂಗಿ ಕಾರ್ಖಾನೆ ಮುಚ್ಚುವ ಹಾಗಿದೆ. ನೀನು ಹೋದಾಗ ಎಲ್ಲಾ ಮೆಷಿನ್‌ಗಳೂ ಓಡುತ್ತಿದ್ದವು. ಈಗ ಅರ್ಧಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಹೊಲಿಯಲು ಬರುವವರು ನನ್ನ ವಯಸ್ಸಿನವರು, ಚಿಕ್ಕವರೆಲ್ಲ ನಿನ್ನ ಹಾಗೆಯೇ ರೆಕ್ಕೆ ಬಂದ ಕೂಡಲೇ ಹಾರಿದರು. ಆಸ್ಪತ್ರೆಗಳ ಅಂಗಿಯ ದೊಡ್ಡ ಆರ್ಡರ್ ಬಂದಿದೆ. ಅದನ್ನು ಹೊಲಿದು ಕೊಟ್ಟರೆ ಕಾರ್ಖಾನೆ ಉಳಿಯುತ್ತದೆ, ಕೊಡಲಾಗದಿದ್ದರೆ ಬೀಗ ಹಾಕುತ್ತೇನೆ ಎಂದು ಯಜಮಾನರು ನನ್ನ ಕತ್ತರಿ ಮೇಜಿನ ಹತ್ತಿರವೇ ಬಂದು ಹೇಳಿದರು. ಕೈ ಸಾಲದು ಎಂದು ಹೊರದೇಶದಿಂದ ಆರು ಜನ ಹೊಲಿಗೆ ಹೆಂಗಸರನ್ನು ಕರೆಸುತ್ತಾರಂತೆ.

ಕರೆಸಲಿ. ಆದರೆ ಅವರಿಗೆ ಮನೆ ಕೊಡುವವರು ಯಾರೂ ಇಲ್ಲ. ಯಜಮಾನರ ಕಣ್ಣು ನಮ್ಮ ಮೇಲಿನ ಮನೆಯ ಮೇಲೆ ಬಿದ್ದಿದೆ. ಕೆಳಗಿನದು ನನಗೆ, ಮೇಲಿನದು ನಿನಗೆ ಎಂದು ಅಪ್ಪ ಹೇಳಿ ಹೋದದ್ದು ಅವರಿಗೂ ಗೊತ್ತು. ನಿನ್ನ ಹಾಸಿಗೆಯನ್ನು ನಾನು ಇವತ್ತಿಗೂ ಬಿಸಿಲಿಗೆ ಹಾಕಿ ಮಡಿಸಿ ಇಡುತ್ತೇನೆ. ಯಾರೋ ಹೊರಗಿನವರು ಬಂದು ಅದರ ಮೇಲೆ ಹೊರಳಾಡುವುದು ನನಗೆ ಆಗದ ಮಾತು. ನೀನು ಒಂದು ಸಾಲು ಬರೆದು ಹಾಕು, "ನನ್ನ ಮನೆ ಕೊಡುವುದಿಲ್ಲ" ಎಂದು. ಯಜಮಾನರಿಗೆ ತೋರಿಸಿ ನಾನು ಒಳ್ಳೆಯವಳಾಗುತ್ತೇನೆ.

ನಿನ್ನ ಅಕ್ಕ


ಜನವರಿ ೩೦

ಅಕ್ಕಾ,

ಬೈಗುಳವನ್ನು ಎರಡು ಸಲ ಓದಿದೆ. ಕಾರ್ಖಾನೆ ಸುದ್ದಿಯನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. ಅಕ್ಷರ ಕೆಟ್ಟದ್ದು ನಿಜ, ಇಲ್ಲಿಯ ಪೆನ್ನು ಸರಿಯಿಲ್ಲ.

ಮೇಲಿನ ಮನೆ ಕೊಡು. ನನ್ನ ಹೆಸರು ಹೇಳಿ ಯಾರಿಗೂ ಇಲ್ಲ ಎನ್ನಬೇಡ.

ಇಲ್ಲಿ ನನ್ನ ಮಹಡಿಗಳಲ್ಲಿ ಕೆಲಸ ಮಾಡುವವರೆಲ್ಲ ಹೊರಗಿನಿಂದ ಬಂದವರೇ. ಅವರಲ್ಲೊಬ್ಬನ ಕಥೆ ಹೇಳುತ್ತೇನೆ ಕೇಳು. ಬಂದ ಹೊಸದರಲ್ಲಿ ಚೀಲ ಹಿಡಿದುಕೊಂಡು ಮನೆ ಮನೆಯ ಗಂಟೆ ಒತ್ತಿದ. ಎಲ್ಲರೂ ಬಾಗಿಲನ್ನು ಒಂದು ಗೇಣು ತೆರೆದು, "ಕೋಣೆ ಈಗಷ್ಟೇ ಹೋಯ್ತು" ಎನ್ನುವವರೇ. ಬಾಡಿಗೆಗಿದೆ ಎಂಬ ಬೋರ್ಡು ಅವನ ಮೂಗಿನ ಮುಂದೆಯೇ ತೂಗುತ್ತಿರುತ್ತಿತ್ತು. ಕೊನೆಗೆ ಒಬ್ಬ ಮುದುಕಿ ಬಾಗಿಲನ್ನು ಪೂರ್ತಿ ತೆರೆದು, "ಚಪ್ಪಲಿ ಇಲ್ಲಿಡು, ಸೋಪು ಅಲ್ಲಿದೆ" ಎಂದಳು. ಅಷ್ಟೇ ಮಾತು. ಅವಳನ್ನು ನೆನೆದರೆ ಅವನು ಈಗಲೂ ಕೈ ಮುಗಿಯುತ್ತಾನೆ. ಅಕ್ಕಾ, ನೀನು ಆ ಮುದುಕಿಯಾಗು. ವಯಸ್ಸಾಗಲಿ ಎಂದಲ್ಲ, ಬಾಗಿಲು ತೆರೆಯಲಿ ಎಂದು.

ಮೆಟ್ಟಿಲ ತಿರುವಿನಲ್ಲಿ ಒಂದು ದೀಪ ಹಾಕಿಸು. ಯಾವ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ ಎಂದು ನೀನೇ ತಿರುಗಿಸಿ ತೋರಿಸು, ಬಾಯಿಬಿಟ್ಟು ಕೇಳಲು ಅವರಿಗೆ ನಾಚಿಕೆಯಾಗುತ್ತದೆ. ಬಟ್ಟೆ ಒಣಗಿಸಲು ಇನ್ನೊಂದು ಹಗ್ಗ ಕಟ್ಟಿಸು. ಕೆಲಸ ಮುಗಿಸಿ ಬಂದವರು ಮೊದಲು ಬಟ್ಟೆ ಒಗೆಯುತ್ತಾರೆ, ಆಮೇಲೆ ಅಳುತ್ತಾರೆ. ಹಗ್ಗ ಇದ್ದರೆ ಅರ್ಧ ಕಷ್ಟ ಕಡಿಮೆ.

ಭಾವನಿಗೆ ಹೇಳು, ಇಲ್ಲಿ ಚಳಿ ತುಂಬಾ ಇದೆ.

ತಮ್ಮ


ಫೆಬ್ರವರಿ ೧೪

ತಮ್ಮನಿಗೆ,

ಕೊಟ್ಟೆ. ನಿನ್ನ ಟ್ರಂಕನ್ನು ಕೆಳಗೆ ತಂದು ನನ್ನ ಮಂಚದಡಿ ತಳ್ಳಿದ್ದೇನೆ. ನೀನು ಹೇಳಿದ ಹಗ್ಗ, ದೀಪ ಎಲ್ಲಾ ಆಯಿತು.

ಮೇಲಿನ ಮನೆ ಕೊಡು ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟೆಯಲ್ಲ. ನಾನು ಬಂದಾಗ ಎಲ್ಲಿ ಮಲಗಲಿ ಎಂದು ಒಂದು ಮಾತಾದರೂ ಕೇಳಬಾರದಿತ್ತೇ? ಕೇಳಲಿಲ್ಲ ಎಂದರೆ ಬರುವ ಯೋಚನೆಯೇ ಇಲ್ಲ ಎಂದು ನನಗೆ ಅರ್ಥವಾಯಿತು. ನಾಲ್ಕು ಮಹಡಿ ಇರುವವನಿಗೆ ನಮ್ಮ ಒಂದು ಮಹಡಿ ಯಾವ ಲೆಕ್ಕ?

ಅಕ್ಕ


ಮಾರ್ಚ್ ೨೧

ತಮ್ಮನಿಗೆ,

ನೀನು ಉತ್ತರ ಬರೆಯಲಿಲ್ಲ. ನನಗೂ ಬರೆಯಬಾರದು ಎಂದೇ ಇತ್ತು. ಆದರೆ ನಡೆದದ್ದನ್ನು ನಿನಗೆ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಆರು ಜನರೂ ಬಂದರು. ನಮ್ಮ ಭಾಷೆಯನ್ನು ಮಕ್ಕಳ ಚಿತ್ರದ ಪುಸ್ತಕದಿಂದ ಕಲಿತು ಬಂದಿದ್ದಾರೆ, ಕಣ್ಣು, ಮೂಗು, ಕೈ, ಕಾಲು, ಅಷ್ಟು. ಮೊದಲ ದಿನ ಬೆಳಿಗ್ಗೆ ನಾನು ಎಂದಿನ ಹಾಗೆ ಕತ್ತರಿಯಿಂದ ಮೇಜು ಕುಟ್ಟಿ, "ಇವತ್ತು ಎಲ್ಲಾ ಕೈ ಕತ್ತರಿಸಿ ಮುಗಿಸ್ಬೇಕು! ಎಡಗೈ ಈ ಕಡೆ, ಬಲಗೈ ಆ ಕಡೆ, ಒಂದು ಕೈನೂ ಉಳೀಬಾರ್ದು!" ಎಂದು ಕೂಗಿದೆ. ಅಂಗಿಯ ಕೈ ಕಣೋ! ನಾವು ತೋಳಿಗೆ ಹಾಗಲ್ಲದೆ ಇನ್ನೇನು ಹೇಳುತ್ತೇವೆ? ತಿರುಗಿ ನೋಡಿದರೆ ಆರು ಜನರ ಮುಖದಲ್ಲೂ ರಕ್ತವಿಲ್ಲ. ಎಲ್ಲರಿಗಿಂತ ಚಿಕ್ಕವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದ್ದಾಳೆ. ನಾನು ಒಂದು ತೋಳನ್ನು ಎತ್ತಿ ನನ್ನ ಕೈಗೆ ಹಾಕಿ ತೋರಿಸಿದ ಮೇಲೆ ನಕ್ಕರು ನೋಡು, ಅಷ್ಟು ನಗು ಆ ಕಾರ್ಖಾನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಆ ಚಿಕ್ಕವಳನ್ನು ಗುಂಡಿಯ ಕಾಜಾ ಹಾಕುವ ಮೆಷಿನ್‌ಗೆ ಕೂರಿಸಿದ್ದೇವೆ, ಹಾಗಾಗಿ ಅವಳ ಹೆಸರು ಕಾಜಾ. ದೊಡ್ಡವಳು ಸಣಕಲಿ, ನೆಟ್ಟಗೆ ನಿಲ್ಲುತ್ತಾಳೆ, ಅವಳು ಸೂಜಿಯಕ್ಕ.

ದೂರುಗಳೂ ಇವೆ. ನನ್ನ ತಲೆಯ ಮೇಲೆ ಸಂಜೆಯೆಲ್ಲ ಧಡಧಡ ಓಡಾಡುತ್ತಾರೆ. ನೀರು ಬಿಟ್ಟರೆ ನಿಲ್ಲಿಸುವುದಿಲ್ಲ. ಪಿಸುಗುಟ್ಟಿ ಮಾತಾಡುವುದೆಂದರೆ ಏನೆಂದೇ ತಿಳಿಯದು.

ಹೊಲಿಗೆ ಮಾತ್ರ, ಸುಳ್ಳು ಹೇಳಬಾರದು, ಹೊಲಿಗೆ ನೋಡಿ ನಾನು ಬೆಪ್ಪಾದೆ. ನಾವು ಮೊದಲು ಅಂಗಿಯ ಪಕ್ಕ ಹೊಲಿದು, ಆಮೇಲೆ ಕೈಯನ್ನು ಸುತ್ತ ತಿರುಗಿಸಿ ತಿರುಗಿಸಿ ಕೂರಿಸುತ್ತೇವಲ್ಲ? ಅವರು ಹಾಗೆ ಮಾಡುವುದಿಲ್ಲ. ಬಟ್ಟೆ ಹರಡಿಕೊಂಡಿರುವಾಗಲೇ ಕೈ ಕೂರಿಸಿ, ಆಮೇಲೆ ಮುಂಗೈಯಿಂದ ಕಂಕುಳು ದಾಟಿ ಕೆಳಗಿನ ಅಂಚಿನ ತನಕ ಒಂದೇ ಓಟದಲ್ಲಿ ಹೊಲಿದು ಎಸೆಯುತ್ತಾರೆ. "ಇದೆಂಥ ತಲೆಕೆಳಗಿನ ಕೆಲ್ಸ?" ಎಂದು ನಾನು ಅಂಗಿ ಕಿತ್ತುಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದೆ. ಒಂದು ಸುಕ್ಕಿಲ್ಲ. ನಾವು ಒಂದು ಹೊಲಿಯುವುದರಲ್ಲಿ ಅವರದು ಎರಡಾಗಿರುತ್ತದೆ. ಈಗ ನಮ್ಮ ಹಳಬರೂ ಹಾಗೆಯೇ ಹೊಲಿಯುತ್ತಿದ್ದಾರೆ, ಭುಜ ನೋವು ಕಡಿಮೆಯಾಗಿದೆ ಎನ್ನುತ್ತಾರೆ. ಸೂಜಿಯಕ್ಕ ಕಾಲರು ಹೊಲಿದರೆ ಎರಡು ತುದಿಗಳೂ ಅವಳಿ ಮಕ್ಕಳು.

ಇನ್ನೊಂದು ಸಂಗತಿ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ನಮ್ಮವರಿಗಿಂತ ಕಡಿಮೆ ಕೂಲಿ ಕೊಡುವುದಾಗಿ ಹೇಳಿದರು. ಹೊರಗಿನವರಲ್ಲವೇ, ಅಷ್ಟು ಸಿಕ್ಕಿದರೂ ಖುಷಿಪಡುತ್ತಾರಂತೆ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಮ್ಮ ಕೂಲಿಗೆ ಏಟು ಬೀಳುವುದಿಲ್ಲವಲ್ಲ, ನನಗ್ಯಾಕೆ ಊರ ಉಸಾಬರಿ ಎನಿಸುತ್ತದೆ. ನೀನು ಕುರ್ಚಿಯ ಮೇಲೆ ಕೂತು ಜನರನ್ನು ಆಳುವವನು. ನಿನ್ನ ಅಭಿಪ್ರಾಯವೇನು? ಸಿಟ್ಟಿದ್ದರೆ ಬಿಟ್ಟು ಬರೆ.

ಅಕ್ಕ


ಏಪ್ರಿಲ್ ೭

ಅಕ್ಕಾ,

ಸಿಟ್ಟು ನನಗೆಲ್ಲಿದೆ? ಬರುವ ಯೋಚನೆಯೇ ಇಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅದು ಹಾಗಲ್ಲ. ಅಷ್ಟು ನಂಬು.

ಕೈ ಕತ್ತರಿಸುವ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಕಟ್ಟಡದ ಕಿಟಕಿ ತೊಳೆಯುವ ಒಬ್ಬನಿದ್ದಾನೆ, ಅವನನ್ನು ಗಾಜಿನವನು ಎನ್ನುತ್ತೇವೆ. ಅವನು ಏಣಿಯಿಂದ ಬೀಳುವಷ್ಟು ನಕ್ಕ.

ಕೂಲಿಯ ವಿಷಯಕ್ಕೆ ಉಹೂಂ ಎನ್ನು, ಜೋರಾಗಿ ಎನ್ನು. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಇಲ್ಲಿ ಈ ಮಹಡಿಗಳ ಕೆಲಸವನ್ನು ಮೊದಲು ಇದೇ ಊರಿನ ಹೆಂಗಸೊಬ್ಬಳು ಮಾಡುತ್ತಿದ್ದಳು. ಗುತ್ತಿಗೆದಾರ ನಮ್ಮನ್ನು, ಅಂದರೆ ನನ್ನ ಜನರನ್ನು, ಕಡಿಮೆ ಕೂಲಿಗೆ ತಂದ. ಮಾರನೆಯ ವರ್ಷ ಅವಳಿಗೂ ಅದೇ ಕೂಲಿ ಎಂದ. ಅವಳು ಬಿಟ್ಟುಹೋದಳು. ಹೋಗುವಾಗ ಅವಳು ಬೈದದ್ದು ಗುತ್ತಿಗೆದಾರನನ್ನಲ್ಲ, ನನ್ನ ಜನರನ್ನು. ಬೈಯದೆ ಇನ್ನೇನು ಮಾಡಿಯಾಳು ಪಾಪ? ಅಗ್ಗದ ಕೈ ಪಕ್ಕದಲ್ಲಿ ಬಂದು ಕೂತರೆ ನಿನ್ನ ಕೈಯ ಬೆಲೆಯೂ ಇಳಿಯುತ್ತದೆ. ಸಮ ಕೂಲಿ ಇದ್ದರೆ ಯಾರೂ ಯಾರ ಅನ್ನವನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲ.

ಹೊರಗಿನವರಿಂದ ಒಂದು ಊರಿಗೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಅವರು ಬಾರದ ದಿನ ನೋಡಬೇಕು. ಕಳೆದ ತಿಂಗಳು ಊರಾಚೆಯಿಂದ ನಮ್ಮ ಜನರನ್ನು ತರುವ ಬಸ್ಸು ಸೇತುವೆಯ ಮೇಲೆ ಕೆಟ್ಟು ನಿಂತಿತು. ನಾನೂ ಅದರಲ್ಲೇ ಇದ್ದೆ. ಅದೇ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಿದ್ದರು, ಅಡುಗೆಯವರಿದ್ದರು, ಆಸ್ಪತ್ರೆಯ ನರ್ಸುಗಳಿದ್ದರು. ಆಯಾ ಬರಲಿಲ್ಲವೆಂದು ತಾಯಂದಿರು ಆಫೀಸಿಗೆ ಬರಲಿಲ್ಲ. ಅವರು ಬರಲಿಲ್ಲವೆಂದು ಆಫೀಸಿನ ಕಡತ ಮುಂದೆ ಹೋಗಲಿಲ್ಲ. ನಮ್ಮ ಕಟ್ಟಡದ ಮುಂದಂತೂ ಟೈ ಕಟ್ಟಿದವರು ಸಾಲಾಗಿ ಬೀದಿಯಲ್ಲಿ ನಿಂತಿದ್ದರು. ಯಾಕೆಂದರೆ ಬೀಗದ ಕೈ ನನ್ನ ಜೇಬಿನಲ್ಲಿತ್ತು. ನಾನು ಓಡುತ್ತಾ ಬಂದು ಬಾಗಿಲು ತೆಗೆದಾಗ ಚಪ್ಪಾಳೆ ತಟ್ಟಿದರು ಅಕ್ಕಾ! ಒಂದು ಊರು ಎಷ್ಟು ಜನರ ಮೇಲೆ ನಿಂತಿದೆ ಎಂದು ಅವತ್ತು ಆ ಮೆಟ್ಟಿಲ ಮೇಲೆ ನಿಂತು ನೋಡಿ ನನಗೇ ಹೆಮ್ಮೆಯಾಯಿತು.

ನೀರು ಬಿಟ್ಟು ನಿಲ್ಲಿಸುವುದಿಲ್ಲ ಎಂದೆಯಲ್ಲ, ಎಣ್ಣೆ ಕೈ ತೊಳೆಯುತ್ತಿರಬಹುದು. ಮೆಷಿನ್ ಎಣ್ಣೆ ಬೇಗ ಹೋಗುವುದಿಲ್ಲ. ಬೈಯಬೇಡ.

ತಮ್ಮ


ಜೂನ್ ೧೧

ನನ್ನ ಸಾಹೇಬ ತಮ್ಮನಿಗೆ,

ಕೂತು ಓದು, ಇದು ಉದ್ದದ ಕಾಗದ.

ನಿನ್ನ ಮಾತನ್ನೇ ಯಜಮಾನರಿಗೆ ಹೇಳಿದೆ. "ಎಲ್ಲಾ ಕೈಗೂ ಒಂದೇ ಕೂಲಿ ಯಜಮಾನ್ರೇ" ಎಂದೆ. "ನಿಮಗೇನು ನಷ್ಟ ಕತ್ತರಿಯಕ್ಕಾ? ನಿಮ್ಮ ಕೂಲಿ ನಿಮಗೆ ಬರುತ್ತಲ್ಲ" ಎಂದರು. "ಇವತ್ತು ಬರುತ್ತೆ. ನಾಳೆ ನಂಗೂ ಅದೇ ರೇಟು ಅಂತೀರಾ. ನನ್ನ ತಮ್ಮ ನಾಲ್ಕು ಮಹಡಿ ಆಳೋನು, ಎಲ್ಲಾ ಹೇಳಿದ್ದಾನೆ" ಎಂದೆ. ಅವರು ನಕ್ಕುಬಿಟ್ಟರು. ನನಗೆ ಎಲ್ಲಿತ್ತೋ ಸಿಟ್ಟು, ಕತ್ತರಿಯನ್ನು ಮೇಜಿನ ಮೇಲೆ ಇಟ್ಟು ಕೈ ಕಟ್ಟಿ ಕೂತೆ. ಬಟ್ಟೆ ಕತ್ತರಿಸದೆ ಯಾವ ಮೆಷಿನ್ ಓಡುತ್ತದೆ? "ಎದ್ದು ಹೋಗು" ಎಂದು ಅವರು ಒಂದು ಮಾತು ಹೇಳಿದ್ದರೆ ನನ್ನ ಇಷ್ಟು ವರ್ಷದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಮುಖ ಕಲ್ಲು ಮಾಡಿಕೊಂಡಿದ್ದೆ. ಆಗ ನಮ್ಮ ಹಳಬರು ಒಬ್ಬೊಬ್ಬರೇ ಕಾಲು ಹಲಗೆಯಿಂದ ಪಾದ ತೆಗೆದರು. ಮೆಷಿನ್‌ಗಳೆಲ್ಲ ನಿಂತವು. ಆರು ಜನರಿಗೆ ಏನಾಗುತ್ತಿದೆ ಎಂದೇ ತಿಳಿಯದು. ಕಾಜಾ ಮತ್ತೆ ಕೈ ಬಚ್ಚಿಟ್ಟುಕೊಂಡಳು! ಊಟದ ಹೊತ್ತಿಗೆ ಯಜಮಾನರು ಬಂದು, "ಆಯ್ತು ಮಾರಾಯ್ತಿ, ಎಲ್ಲರಿಗೂ ಒಂದೇ, ಎದ್ದು ಬಟ್ಟೆ ಕತ್ತರಿಸು" ಎಂದರು.

ಆರ್ಡರ್ ಮುಗಿಸಿ ಕೊಟ್ಟೆವು. ಮೊನ್ನೆ ಇನ್ನೊಂದು ಬಂತು. ಹೊದಿಸಿದ್ದ ಬಟ್ಟೆಗಳನ್ನೆಲ್ಲ ತೆಗೆದಿದ್ದೇವೆ, ಇನ್ನೂ ಹತ್ತು ಜನ ಬರುತ್ತಾರಂತೆ. ಹೊಲಿಯುವವರು ಹೆಚ್ಚಾದ ಮೇಲೆ ಹೊಲಿದದ್ದನ್ನು ಪರೀಕ್ಷಿಸಿ ನೋಡುವವರು ಬೇಕಾದರು, ಮಡಿಸಿ ಕಟ್ಟುವವರು ಬೇಕಾದರು, ಲೆಕ್ಕ ಬರೆಯುವವರು ಬೇಕಾದರು. ಪಕ್ಕದ ಮನೆಯ ಹುಡುಗಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೊರಟವಳು ಚೀಲ ಬಿಚ್ಚಿಟ್ಟು ಇಲ್ಲೇ ಸೇರಿಕೊಂಡಳು. ನಮ್ಮ ಕೆಲಸ ಕಿತ್ತುಕೊಳ್ಳಲು ಬಂದರು ಎಂದು ಅವಳಪ್ಪ ಮೊದಲು ಬಾಯಿ ಬಡಿದುಕೊಳ್ಳುತ್ತಿದ್ದ. ಈಗ ಕಾಣದವನ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ನಿನ್ನ ಭಾವ ಅಂಗಡಿಯ ಎರಡನೆಯ ಷಟರ್ ಎತ್ತಿದ್ದಾರೆ. ತುಕ್ಕು ಹಿಡಿದಿತ್ತು, ಎತ್ತುವಾಗ ಬೀದಿಯೆಲ್ಲ ಎದ್ದು ಬಂದಿತು. ನಿಂತುಹೋಗಿದ್ದ ಸಂಜೆ ಬಸ್ಸು ಮತ್ತೆ ಬರುತ್ತಿದೆ. "ಕೈ ಕೊಟ್ಟು ಹೋದೋರು ನಮ್ಮೋರು, ಕೈ ಹಿಡ್ದೋರು ಹೊರಗಿನೋರು" ಎಂದು ನಿನ್ನ ಭಾವ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ನಿನ್ನನ್ನು ಸೇರಿಸಿಯೇ ಹೇಳುವುದು, ಬೇಜಾರು ಮಾಡಿಕೊಳ್ಳಬೇಡ.

ಎಲ್ಲವೂ ಜೇನು ಎಂದು ಬರೆದರೆ ನೀನು ನಂಬುವುದಿಲ್ಲ. ಮನೆ ಬಾಡಿಗೆ ಏರಿದೆ. ಪೋಸ್ಟಿನಣ್ಣನ ಮಗ ಹೊಸದಾಗಿ ಮದುವೆಯಾದವನು, ಕೋಣೆ ಸಿಗದೆ ಒದ್ದಾಡುತ್ತಿದ್ದಾನೆ. "ಇವರು ಬಂದೇ ಹೀಗಾಯ್ತು" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ.

ಒಂದು ತಮಾಷೆ ಗೊತ್ತೇ? ಈಗ ಊರಿನಲ್ಲಿ ಅವರನ್ನು ಯಾರೂ ಹೊರಗಿನವರು ಎನ್ನುವುದಿಲ್ಲ. ನಮ್ಮ ಮಹಡಿಯಲ್ಲಿ ಇರುವುದರಿಂದ "ಮೇಲಿನವರು" ಎನ್ನುತ್ತಾರೆ. ಹಾಲಿನವಳು, "ಮೇಲಿನೋರಿಗೆ ಎಷ್ಟು ಹಾಲು?" ಎಂದು ಕೇಳಿದಾಗ ಯಾರೋ ದೊಡ್ಡ ಅಧಿಕಾರಿಗಳು ಬಂದಿದ್ದಾರೇನೋ ಎನಿಸಬೇಕು!

ಎಲ್ಲಾ ನಿನ್ನಿಂದ ಆದದ್ದು. ಕೈಕೆಳಗಿನವರ ಕಷ್ಟ ಇಷ್ಟು ತಿಳಿದ ಸಾಹೇಬ ಎಲ್ಲಿದ್ದಾನೆ? ನಿನ್ನ ಜನ ಪುಣ್ಯ ಮಾಡಿದ್ದರು. ಈ ವರ್ಷವಾದರೂ ರಜೆ ಹಾಕಿ ಬಾ. ಯಜಮಾನರು ನಿನಗೆ ಸನ್ಮಾನ ಮಾಡಬೇಕಂತೆ, ನಾಲ್ಕು ಮಾತಾಡಿಸಬೇಕಂತೆ.

ಅಕ್ಕ


ಜುಲೈ ೨

ಅಕ್ಕಾ,

ನೀನು ಕತ್ತರಿ ಕೆಳಗಿಟ್ಟದ್ದನ್ನು ಓದಿ ನನ್ನ ಕಣ್ಣು ತುಂಬಿತು. ಸನ್ಮಾನ ಆಗಬೇಕಾದದ್ದು ನಿನಗೆ. ನಾನು ಕಾಗದದಲ್ಲಿ ಬರೆದೆ, ನೀನು ಮಾಡಿದೆ.

ಈ ವರ್ಷ ಬರಲಾಗುವುದಿಲ್ಲ. ಕೆಲಸ ಬಹಳ. ಯಜಮಾನರಿಗೆ ಸನ್ಮಾನ ಗಿನ್ಮಾನ ಬೇಡವೆಂದು ದಯವಿಟ್ಟು ಹೇಳು. ಆ ಫೋಟೋ ಗೋಡೆಯ ಮೇಲೆ ಯಾಕೆ? ತೆಗೆದು ಒಳಗಿಡು, ಬಿಸಿಲಿಗೆ ಬಣ್ಣ ಹೋಗುತ್ತದೆ.

ತಮ್ಮ


ಆಗಸ್ಟ್ ೧೯

ತಮ್ಮಾ,

ಈ ಸಲ ಬೈಯುವುದಿಲ್ಲ. ಬೈದರೂ ಸ್ವಲ್ಪವೇ.

ರಜೆಯ ದಿನ ಕಾಜಾ ಬಂದು, "ಅಕ್ಕಾ, ನಿಮ್ಮ ಕುರ್ಚಿ ಕೊಡ್ತೀರಾ? ದೊಡ್ಡ ಕತ್ತರಿ ಕೊಡ್ತೀರಾ? ಅಮ್ಮನಿಗೆ ಫೋಟೋ" ಎಂದಳು. ಕಾರ್ಖಾನೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ನನ್ನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕತ್ತರಿಯನ್ನು ರಾಜದಂಡದ ಹಾಗೆ ಹಿಡಿದು ಕೂತಳು. ನಗು ತಡೆಯಲಾಗದೆ, "ಅಮ್ಮನಿಗೆ ಏನಂತ ಬರೀತೀಯೇ?" ಎಂದೆ. "ಈ ಮೇಜು ಪೂರಾ ನನ್ನ ಕೈಯಲ್ಲಿ ಅಂತ" ಎಂದಳು.

ಮೇಜು ಅವಳ ಕೈಯಲ್ಲೇ ಇದೆ, ಸುಳ್ಳಲ್ಲ. ದಿನಾ ಸಂಜೆ ಅದನ್ನು ಒರೆಸುವವಳು ಅವಳೇ.

ನಗುತ್ತಲೇ ಮನೆಗೆ ಬಂದೆವು. ಮುಂದಿನ ಕೋಣೆಯಲ್ಲಿ ಸೂಜಿಯಕ್ಕ ಕೂತಿದ್ದಳು. ಅವಳಿಗೆ ಹೇಳಿದರೆ ಅವಳು ನಗಲಿಲ್ಲ. "ಎಲ್ಲರೂ ಹಾಗೇ ಅಕ್ಕಾ. ದೂರ ಹೋದವರು ಕುರ್ಚಿ ಮೇಲೆ ಕೂತೇ ಫೋಟೋ. ಅಮ್ಮಂದಿರಿಗೆ ನಿದ್ರೆ ಬರಬೇಕಲ್ಲ" ಎಂದಳು. ಎಂದವಳು ಗ್ರಹಚಾರಕ್ಕೆ ಗೋಡೆಯ ಕಡೆ ನೋಡಿಬಿಟ್ಟಳು. ಕಾಜಾಳೂ ನೋಡಿದಳು. ಇಬ್ಬರೂ ತಕ್ಷಣ ಕಣ್ಣು ಕೆಳಗಿಟ್ಟರು.

ನಾನು ಎದ್ದು ಹೋಗಿ ಫೋಟೋ ನೋಡಿದೆ. ಇಷ್ಟು ದಿನ ನಿನ್ನ ಮುಖ ನೋಡುತ್ತಿದ್ದೆ. ಅವತ್ತು ಮೂಲೆ ನೋಡಿದೆ. ಹೂಕುಂಡಕ್ಕೆ ಹಿಡಿಕೆ ಯಾಕಿರುತ್ತದೆ? ಅದು ಬಕೆಟ್, ಅದರಲ್ಲಿ ನಿಂತದ್ದು ನೆಲ ಒರೆಸುವ ಕೋಲು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ. "ಬಂದ ದಿನವೇ ನೋಡಿದ್ವಿ ಅಕ್ಕಾ" ಎಂದಳು ಸೂಜಿಯಕ್ಕ. "ನೀವು ಅಷ್ಟು ಖುಷಿಯಾಗಿ ತೋರಿಸಿದಿರಿ. ಹೇಗೆ ಹೇಳೋದು?"

ನನಗೆ ಸಿಟ್ಟು ಬಂತು. ಅವರ ಮೇಲೆ, ನಿನ್ನ ಮೇಲೆ, ಆ ಕುರ್ಚಿಯ ಮೇಲೆ. ನಿನ್ನ ಕಾಗದಗಳನ್ನೆಲ್ಲ ತೆಗೆದು, ಸುಳ್ಳು ಹುಡುಕೋಣ ಎಂದು ಮೊದಲಿನಿಂದ ಓದಿದೆ. ಪೆನ್ನಿನ ನೆಪವೊಂದು ಬಿಟ್ಟರೆ ಒಂದೂ ಸಿಗಲಿಲ್ಲ ಪುಣ್ಯಾತ್ಮ! ನಾಲ್ಕು ಮಹಡಿ ನಿನ್ನ ಕೈಯಲ್ಲಿ, ನಿಜ. ಬೀಗದ ಕೈ ನಿನ್ನ ಜೇಬಿನಲ್ಲಿ, ನಿಜ. ಜನರ ಜೊತೆ ಅದೇ ಬಸ್ಸಿನಲ್ಲಿ ಸಾಹೇಬ ಯಾಕೆ ಬರುತ್ತಾನೆ ಎಂದು ಕೇಳಲು ನನಗೆ ಬುದ್ಧಿ ಇರಲಿಲ್ಲ. ಚೀಲ ಹಿಡಿದು ಮನೆ ಮನೆಯ ಗಂಟೆ ಒತ್ತಿದವನು ನೀನೇ. ನೀನು ಬರೆದದ್ದೆಲ್ಲ ಸರಿ, ನಾನು ಓದಿದ್ದು ತಪ್ಪು. ಅಕ್ಷರ ಕೆಟ್ಟದ್ದು ಪೆನ್ನಿನಿಂದ ಅಲ್ಲ ಎಂದು ಈಗ ಗೊತ್ತಾಯಿತು. ಸೋಪಿನ ನೀರಿನಲ್ಲಿ ಬೆರಳು ಬಿರಿದರೆ ಯಾರ ಅಕ್ಷರ ತಾನೇ ನೆಟ್ಟಗಿರುತ್ತದೆ? ಅದನ್ನು ಹಂಗಿಸಿದ್ದೆನಲ್ಲ, ಪೆನ್ನು ಸರಿಯಿಲ್ಲ ಎಂಬ ನಿನ್ನ ಸಾಲು ಓದುವಾಗ ಅತ್ತುಬಿಟ್ಟೆ.

ನಿನ್ನ ಭಾವನಿಗೆ ಹೇಳಿದೆ. "ಕುಂಡದಲ್ಲಿ ಹೂವಿಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?" ಎಂದರು. ಮತ್ತೆ ಕನ್ನಡಕ ಏರಿಸಿ ಫೋಟೋ ನೋಡಿ, "ಆಳಾಗಬಲ್ಲವನೇ ಅರಸಾಗಬಲ್ಲ ಕಣೇ" ಎಂದರು. ಆಮೇಲೆ ಅಂಗಡಿಗೆ ಹೋಗಿ, ಒಡೆದ ಚರ್ಮಕ್ಕೆ ಹಚ್ಚುವ ಮುಲಾಮು ತಂದು ಮೇಜಿನ ಮೇಲೆ ಇಟ್ಟರು. ಈ ಕಾಗದದ ಜೊತೆ ಕಳಿಸಿದ್ದೇನೆ, ದಿನಾ ಹಚ್ಚಿಕೋ.

ಕೇಳು. ನೀನು ಬಾಗಿಲು ತೆಗೆಯದಿದ್ದರೆ ಆ ಕಟ್ಟಡದ ಕೆಲಸ ಶುರುವಾಗುವುದಿಲ್ಲ. ಸೂಜಿಯಕ್ಕ ಬಾರದಿದ್ದರೆ ನನ್ನ ಕತ್ತರಿ ತುಕ್ಕು ಹಿಡಿಯುತ್ತಿತ್ತು, ನಿನ್ನ ಭಾವನ ಷಟರ್ ಹಾಗೇ ಇರುತ್ತಿತ್ತು. ನಾನು ಅವರನ್ನು ಹೊಗಳಿ ಹೊಗಳಿ ಬರೆಯುತ್ತಿದ್ದೆ. ಅಲ್ಲಿ ಯಾವಳೋ ಒಬ್ಬ ಅಕ್ಕ ನಿನ್ನನ್ನು ಹಾಗೆ ಹೊಗಳಬೇಕಿತ್ತು. ಅವಳಿಲ್ಲದಿದ್ದರೆ ನಾನೇ ಹೊಗಳುತ್ತೇನೆ. ನನಗೆ ನಿನ್ನ ಮೇಲೆ ಕುರ್ಚಿ ನೋಡಿದಾಗ ಇದ್ದ ಹೆಮ್ಮೆಗಿಂತ ಬಕೆಟ್ ನೋಡಿದ ಮೇಲಿನ ಹೆಮ್ಮೆ ದೊಡ್ಡದು.

ಫೋಟೋ ಗೋಡೆಯಿಂದ ತೆಗೆಯುವುದಿಲ್ಲ. ಚೀಟಿಯನ್ನೂ ತೆಗೆಯುವುದಿಲ್ಲ, ಅದರಲ್ಲಿ ತಪ್ಪೇನು ಬರೆದಿದೆ? ಪಕ್ಕದಲ್ಲಿ ಇನ್ನೊಂದು ಹಾಕಿದ್ದೇವೆ, ಅದರ ಪ್ರತಿ ಇದರಲ್ಲಿದೆ. ನಾನು, ನಿನ್ನ ಭಾವ, ಮೇಲಿನವರು ಆರು ಜನ. ಕೈಯಲ್ಲಿ ಕೋಲು ಹಿಡಿದವಳು ನಾನೇ. ನಡುವೆ ಎಲ್ಲರಿಗಿಂತ ಮುಂದೆ ಇರುವುದು ನಮ್ಮ ಮನೆಯ ಬಕೆಟ್. ಈ ಸಲ ಯಾರಿಗೂ ಅನುಮಾನ ಬರಬಾರದು ಎಂದು ಅಲ್ಲಿಟ್ಟೆವು.

ಇಷ್ಟು ವರ್ಷ ನೀನು ಬಾರದೆ ಇದ್ದದ್ದು ಇದಕ್ಕೇನೋ? ಬಂದರೆ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬರಬೇಕು ಎಂದುಕೊಂಡಿದ್ದೆಯಾ? ಪೆದ್ದ. ಮೇಲಿನ ಮನೆ ಖಾಲಿಯಿಲ್ಲ, ಮುಂದಿನ ಕೋಣೆಯಲ್ಲಿ ಮಲಗು. ಟ್ರಂಕು ನನ್ನ ಮಂಚದಡಿಯಲ್ಲೇ ಇದೆ. ಬರಿಗೈಯಲ್ಲಿ ಬಾ.

ನಿನ್ನ ಅಕ್ಕ


ಸೆಪ್ಟೆಂಬರ್ ೮

ಅಕ್ಕಾ,

ಮುಲಾಮು ಹಚ್ಚಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸ್ವಲ್ಪ ನೆಟ್ಟಗಾಗಿದೆ ನೋಡು. ಅಲ್ಲಲ್ಲಿ ಒದ್ದೆಯಾಗಿದ್ದರೆ ಅದು ಮುಲಾಮಲ್ಲ.

ರಜೆ ಕೇಳಿದೆ, ಕೊಟ್ಟರು. ಬೀಗದ ಕೈಯನ್ನು ಗಾಜಿನವನಿಗೆ ಒಪ್ಪಿಸಿ ಮುಂದಿನ ತಿಂಗಳು ಹೊರಡುತ್ತೇನೆ. ಸಂಜೆ ಬಸ್ಸಿಗೆ ಬರುತ್ತೇನೆ, ನಿಂತುಹೋಗಿದ್ದದ್ದು ಮತ್ತೆ ಬರುತ್ತಿದೆ ಎಂದಿದ್ದೆಯಲ್ಲ. ಮೇಲಿನವರಿಗೆ ನನ್ನ ಕಡೆಯಿಂದ ಹೇಳು, ಕೆಳಗಿನವನೊಬ್ಬ ಬರುತ್ತಿದ್ದಾನೆ, ಧಡಧಡ ಓಡಾಡಲಿ, ಪರವಾಗಿಲ್ಲ ಎಂದು.

ಇದರ ಜೊತೆ ನನ್ನ ಹೊಸ ಫೋಟೋ ಇದೆ. ತೆಗೆದವರು ಆ ಕುರ್ಚಿಯ ಅಧಿಕಾರಿಯೇ. ನಿಮ್ಮ ಬಕೆಟ್ ಫೋಟೋವನ್ನು ಅವರಿಗೆ ತೋರಿಸಿ ಕಥೆ ಹೇಳಿದೆ. ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು, ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿ, "ಕೂತ್ಕೊಳ್ಳಿ" ಎಂದರು. ಬೇಡ ಎಂದೆ. ನನ್ನ ಕೋಲು ಹಿಡಿದು, ನಾನೇ ಒರೆಸಿದ ನೆಲದ ಮೇಲೆ ನಿಂತಿದ್ದೇನೆ. ನೆಲ ಎಷ್ಟು ಹೊಳೆಯುತ್ತದೆ ನೋಡು, ನನ್ನ ಮುಖ ಅದರಲ್ಲೂ ಕಾಣುತ್ತದೆ.

ಮೂಲೆಯಲ್ಲಿರುವುದು ಈ ಸಲ ನಿಜವಾದ ಹೂಕುಂಡ. ಭಾವನಿಗೆ ಹೇಳು, ಹೂವೂ ಬಿಟ್ಟಿದೆ.

ನಿನ್ನ ತಮ್ಮ